ಏಣಿಯ ಕೆಳಗಿನ ಸ್ಕ್ರೂ

ಅಣ್ಣಾ,

ನೀನು ಏಳುವ ಮೊದಲೇ ನಾನು ಸದ್ದು ಮಾಡದೆ, ಗಾಡಿಯ ಮೇಲಿರುವ, ಗಿರಾಕಿಗಳನ್ನು ನೀರಿನ ಮೇಲೆ ಎಳೆದೊಯ್ಯುವ ಸ್ಕೀ ದೋಣಿಯ ಹೊರಮೈಯನ್ನೆಲ್ಲ ಒಣಬಟ್ಟೆಯಿಂದ ಒರೆಸಿ, ಒಳಗೆ ಪೈಪು ಬಿಟ್ಟು ನೀರು ತುಂಬಿಸಿದೆ. ಮೊನ್ನೆ ನೀರು ಒಳಗೆ ಬಂದ ದಾರಿಯಲ್ಲೇ ಹೊರಗೂ ಹೋಗಬೇಕಲ್ಲ.

ಅಪ್ಪ ಹಾಕಿದ ತಳದ ಬಿರಡೆ ಒಣಗಿಯೇ ಇದೆ. ಹನಿಯುತ್ತಿರುವುದು ಹಿಂದಿನ ಏಣಿಯ ಕೆಳಗಿನ ಸ್ಕ್ರೂನಿಂದ. ಅಪ್ಪನ ಮಂಡಿನೋವಿಗೆಂದು ನೀನೇ ಕೂರಿಸಿದ ಏಣಿ. ಸೀಮೆಸುಣ್ಣದಲ್ಲಿ ಸುತ್ತು ಹಾಕಿದ್ದೇನೆ, ನೋಡು. ಒಳಗಿನ ನೀರನ್ನೆಲ್ಲ ಹೊರಬಿಟ್ಟು, ಸ್ಕ್ರೂ ಬಿಚ್ಚಿ, ತೂತು ಚೆನ್ನಾಗಿ ಒಣಗಿದ ಮೇಲೆ ಅಂಟು ತುಂಬಿ ಸ್ಕ್ರೂ ಮತ್ತೆ ಬಿಗಿ ಮಾಡು. ಅದು ಗಟ್ಟಿಯಾಗುವವರೆಗೆ ಯಾರನ್ನೂ ನೀರಿಗೆ ಕರೆದೊಯ್ಯಬೇಡ. ಸಿಟ್ಟಿನಲ್ಲಿ ಏಣಿಯನ್ನೇ ಕಿತ್ತು ಹಾಕಬೇಡ.

“ಬಿರಡೆ ಬಿಗಿ ಮಾಡೋಕೂ ಬರಲ್ವಾ? ಕೈ ನಡುಗೋರು ದೋಣಿ ಮುಟ್ಟಬಾರದು” ಎಂದು ಮೊನ್ನೆ ಗಿರಾಕಿಗಳ ಮುಂದೆಯೇ ನೀನು ಅಪ್ಪನಿಗೆ ಅಂದೆ. ಅಪ್ಪ “ಆಯ್ತು ಯಜಮಾನ್ರೇ” ಎಂದು ನಕ್ಕರು. ಅಂದಿನಿಂದ ದಡದ ಕಡೆ ತಲೆ ಹಾಕಿಲ್ಲ. ನಿಮ್ಮಿಬ್ಬರ ಮಾತನ್ನು ಆ ಕೋಣೆಗೂ ಈ ಕೋಣೆಗೂ ಹೊತ್ತು ನನಗೂ ಸಾಕಾಗಿದೆ.

ನಾನು ಹೊಲಿಗೆ ಅಂಗಡಿಗೆ ಹೊರಟೆ. ತಿಂಡಿ ಮುಚ್ಚಿಟ್ಟಿದ್ದೇನೆ, ಇಬ್ಬರಿಗೂ ಇದೆ. ಅಪ್ಪ ಎದ್ದಿದ್ದಾರೆ, ಕೋಣೆಯಿಂದ ಹೊರಗೆ ಬಂದಿಲ್ಲ. ಸ್ಕ್ರೂ ವಿಷಯ ನಾನು ಅವರಿಗೆ ಹೇಳಿಲ್ಲ.

ನೀನೇ ಹೋಗಿ ಹೇಳು, ಅಣ್ಣಾ.