ಮದುವೆಯ ಹೊದಿಕೆಯಲ್ಲಿ ಸುತ್ತಿದ ಕಹಳೆ

ಸಾನ್ ರೊಕ್ಕೊ,
೧೭ ಏಪ್ರಿಲ್ ೧೯೨೫

ನನ್ನ ಅದೆಲ್ಮೊ,

ನಿನ್ನ ಕಾಗದ ಸಿಕ್ಕಿ ಹದಿನೆಂಟು ದಿನವಾಯಿತು. ಕೋಳಿ ಕೆದರಿದಂಥ ನಿನ್ನ ಅಕ್ಷರಗಳನ್ನು ಎಷ್ಟು ಸಲ ಓದಿದೆನೋ, ಮಡಿಕೆಯಲ್ಲಿ ಹಾಳೆ ಹರಿಯುತ್ತ ಬಂದಿದೆ. ನೀನು ಕೇಳಿದ್ದು ಒಂದೇ ಮಾತು. ನಾನು ಹೂಂ ಅಂದರೆ ಪಕ್ಷದವರು ಕೇಳುವ ಆ ಕ್ಷಮಾಪಣೆಯ ಕಾಗದಕ್ಕೆ ಸಹಿ ಹಾಕಿ, ಗಡಿಯಾಚೆಯ ಮಾರ್ಸೇಲಿನಿಂದ ಮೊದಲ ರೈಲಿಗೇ ಬರುತ್ತೇನೆ ಅಂತ. ಉತ್ತರ ಏಕೆ ತಡವಾಯಿತೆಂದು ಹೇಳುತ್ತೇನೆ. ಇದು ಅಂಚೆಯಲ್ಲಿ ಬರುತ್ತಿಲ್ಲ, ದಾರಿಯಲ್ಲಿ ಯಾರೂ ಒಡೆದು ಓದುವುದಿಲ್ಲ.

ಮೊದಲು ತಪ್ಪೊಪ್ಪಿಗೆ. ನಿನ್ನ ಕಹಳೆಯನ್ನು ಕೊಟ್ಟುಬಿಟ್ಟೆ.

ಮೇ ಒಂದನೇ ತಾರೀಖಿನ ನಮ್ಮ ಕಾರ್ಮಿಕರ ಹಬ್ಬವನ್ನು ಈ ಕಪ್ಪಂಗಿಯ ಪಕ್ಷದವರು ಅಳಿಸಿಹಾಕಿ, ಏಪ್ರಿಲ್ ಇಪ್ಪತ್ತೊಂದಕ್ಕೆ ತಮ್ಮದನ್ನು ಇಟ್ಟುಕೊಂಡಿದ್ದು ನಿನಗೂ ಗೊತ್ತು. ಅದಕ್ಕೆ ಊರಿನ ಬ್ಯಾಂಡು ಬೇಕಂತೆ. ಪಕ್ಷದ ಕಾರ್ಯದರ್ಶಿ ರಿಗೆತ್ತಿ ಮನೆಗೇ ಬಂದು, ಟೋಪಿ ತೆಗೆದು, ಬಹಳ ಮರ್ಯಾದೆಯಿಂದ ಮಾತಾಡಿದ. ಅದೆಲ್ಮೊ ಸಹಿ ಹಾಕಿದರೆ ಇಟ್ಟಿಗೆ ಗೂಡಿನ ಕೆಲಸವೂ ಉಂಟು, ಬ್ಯಾಂಡಿನಲ್ಲಿ ಜಾಗವೂ ಉಂಟು, ಅಲ್ಲಿಯವರೆಗೆ ಕಹಳೆ ನಮ್ಮಲ್ಲಿರಲಿ ಅಂದ. ಮೂರು ಬೇಸಿಗೆಯ ಹಿಂದೆ ಇದೇ ಮನುಷ್ಯ ಲಾರಿಯಲ್ಲಿ ಕಪ್ಪಂಗಿಯವರನ್ನು ಕರೆತಂದು ನಮ್ಮ ಸಹಕಾರ ಸಂಘದ ಮನೆಗೆ ಬೆಂಕಿ ಇಡಿಸಿದ್ದ. ಚೌಕದಲ್ಲಿ ನಿನ್ನ ಬಾಯಿಗೆ ಹರಳೆಣ್ಣೆ ಹೊಯ್ಯುವಾಗ ನಿನ್ನ ಮೂಗು ಹಿಡಿದಿದ್ದವನೂ ಅವನೇ. ತಮ್ಮ ಹಾಡನ್ನು ಹಾಡು ಅಂತ ಅವರು ಅಂದರೆ ನೀನು ತುಟಿ ಬಿಗಿದುಕೊಂಡು ನಿಂತೆ. ನಾನೂ ಹಾಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಅಂದು ಸಂಘದ ವಾದ್ಯಗಳೆಲ್ಲ ಸುಟ್ಟುಹೋಗಿ, ಉಜ್ಜಲೆಂದು ನಾನು ಮನೆಗೆ ತಂದಿಟ್ಟಿದ್ದ ನಿನ್ನ ಕಹಳೆಯೊಂದೇ ಉಳಿದದ್ದು. ಈಸ್ಟರಿಗೆ ಮುಂಚೆ ಅದನ್ನು ಮಂಚದಡಿಯಿಂದ ತೆಗೆದು, ಬೂದಿ ಮತ್ತು ವಿನೆಗರ್ ಹಾಕಿ ಫಳಫಳ ಉಜ್ಜಿಯೇ ಕೊಟ್ಟೆ. ಅವರಿಗಾಗಿ ಅಲ್ಲ. ನೀನು ಬಂದು ನೋಡಿದಾಗ ಹೆಂಡತಿ ಸೋಮಾರಿ ಅನ್ನಬಾರದಲ್ಲ. ನೀನು ತುಟಿಗಿಡುವ ಆ ತುದಿಯ ತುಂಡನ್ನು ಮಾತ್ರ ಬಿಚ್ಚಿ ಇಟ್ಟುಕೊಂಡು, ಕಳೆದುಹೋಗಿದೆ ಎಂದೆ. ರಿಗೆತ್ತಿ ಮುದ್ರೆಯೊತ್ತಿ ರಸೀದಿ ಕೊಟ್ಟ. ಅಂದೇ ನಿನಗೆ "ಬಾ" ಎಂದು ಪತ್ರ ಬರೆದೆ. ಈಸ್ಟರ್ ಕಳೆದು ಅಂಚೆಗೆ ಹಾಕೋಣವೆಂದು ಹಿಟ್ಟಿನ ಡಬ್ಬಿಯ ಕೆಳಗಿಟ್ಟೆ.

ಈಸ್ಟರ್ ದಿನ ಮಧ್ಯಾಹ್ನ ಹಿಟ್ಟು ಲಟ್ಟಿಸುತ್ತಿದ್ದೆ. ಚೌಕದ ಕಡೆಯಿಂದ ನಿನ್ನ ಕಹಳೆ ಕೇಳಿಸಿತು. ಅದೆಲ್ಮೊ, ನೂರು ಕಹಳೆಗಳ ನಡುವೆಯೂ ನನಗೆ ಅದರ ದನಿ ಗೊತ್ತು. ಯಾವ ಹಾಡು ಎಂಬುದು ಕಿವಿಗೆ ಬೀಳಲೇ ಇಲ್ಲ. ಕೈಯ ಹಿಟ್ಟನ್ನೂ ಒರೆಸಿಕೊಳ್ಳದೆ ಓಡಿದೆ, ಹಿಂದೆ ಆಲ್ಬಾ "ಅಪ್ಪ ಬಂದ್ನಾ, ಅಮ್ಮಾ?" ಅನ್ನುತ್ತ ಒಂದೇ ಚಪ್ಪಲಿಯಲ್ಲಿ ಓಡಿಬಂದಳು. ಚೌಕ ತಲುಪಿದಾಗ, ತನ್ನ ಹಳೆಯ ತುದಿಯ ತುಂಡು ಸಿಕ್ಕಿಸಿ ಅದನ್ನು ಊದುತ್ತಿದ್ದವನು ನೆಲ್ಲೊ. ಹನ್ನೊಂದು ವರ್ಷ ನಿನ್ನ ಪಕ್ಕದಲ್ಲೇ ಕೂತು ಊದಿದ ಅದೇ ನೆಲ್ಲೊ, ಕಪ್ಪಂಗಿ ತೊಟ್ಟಿದ್ದ. ಊದುತ್ತಿದ್ದದ್ದು ಅವರ ಹಾಡು. ನಾಚಿಕೆ ಬಿಟ್ಟು ಹೇಳುತ್ತೇನೆ, ಹಾಡು ಯಾವುದೆಂದು ತಿಳಿದ ಮೇಲೂ ಮುಗಿಯುವವರೆಗೆ ಕೇಳುತ್ತ ನಿಂತೆ. ನಿನ್ನನ್ನು ನೆನೆದು ಅಷ್ಟು ಹಸಿದಿದ್ದೆ.

ಸಂಜೆ ನೆಲ್ಲೊ ಮನೆಗೆ ಬಂದ. ಕುಳಿತುಕೋ ಅನ್ನಲಿಲ್ಲ ನಾನು. ಚಳಿಗಾಲದಲ್ಲಿ ಅವನೂ ಸಹಿ ಹಾಕಿದ್ದನಂತೆ, ಮನೆಯಲ್ಲಿ ನಾಲ್ಕು ಹೊಟ್ಟೆ ಎಂದು. ಬಾಗಿಲಿಗೆ ಒರಗಿ ನಿಂತೇ ಹೇಳಿದ:

"ಅವನಿಗೆ ಬಾ ಅಂತ ಬರೀಬೇಡ, ಜೆಲಿಂದಾ. ಸಹಿ ಒಂದೇ ಸಲ ಅಂದ್ಕೊಂಡಿದ್ದೆ ನಾನು. ಇವ್ರು ಪ್ರತಿ ಭಾನುವಾರ ಹಾಕಿಸ್ತಾರೆ. ಈಗ ಮಗಳ ಮುಂದೆ ಒಂದು ಕುಣಿತದ ಹಾಡು ಊದೋಣ ಅಂದ್ರೂ ತುಟಿ ಏಳಲ್ಲ."

ಅವನು ಹೋದ ಮೇಲೆ ಹಿಟ್ಟಿನ ಡಬ್ಬಿ ಎತ್ತಿ, ಆ ಪತ್ರವನ್ನು ಒಲೆಗೆ ಹಾಕಿದೆ. ಆಮೇಲೆ ಚೆನ್ನಾಗಿ ಅತ್ತೆ.

ಬರಬೇಡ. ಈ ಮಾತು ಬರೆಯಲು ನನಗೆ ಐದು ದಿನ ಹಿಡಿಯಿತು. ನೀನಿಲ್ಲದೆ ಹಾಸಿಗೆ ಬೆಚ್ಚಗಾಗುವುದಿಲ್ಲ, ಸಾರಿಗೆ ಉಪ್ಪನ್ನು ಈಗಲೂ ಮೂವರ ಲೆಕ್ಕದಲ್ಲೇ ಹಾಕುತ್ತೇನೆ. ಆದರೆ ಚೌಕದಲ್ಲಿ ತುಟಿ ಬಿಗಿದು ನಿಂತವನು ನನ್ನ ಗಂಡ. ಬಂದರೆ ಅವನೇ ಬರಬೇಕು. ರಿಗೆತ್ತಿ ಕರೆಸಿಕೊಂಡವನು ನನಗೆ ಬೇಡ.

ಆಲ್ಬಾಳ ಮುಂದಿನ ಎರಡು ಹಲ್ಲು ಬಿದ್ದಿವೆ. ನಗುವಾಗ ಥೇಟ್ ನಿನ್ನಮ್ಮ.

ನಿನ್ನವಳೇ ಆದ,
ಜೆಲಿಂದಾ

ಮರೆತ ಮಾತು: ಈ ಪತ್ರವನ್ನು ನಿನ್ನ ಮನೆಯೊಡತಿಯ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೆ ಬೀದಿಯಲ್ಲೇ ನಿಲ್ಲುತ್ತೇನೆಂದು ನೆಲ್ಲೊ ಹೇಳಿದ್ದಾನೆ. ಒಳಗೆ ಬರಲು ಅವನಿಗೆ ಮುಖವಿಲ್ಲವಂತೆ. ಕಿಟಕಿ ತೆಗೆದು ಕರೆ, ಬೈಯುವುದಿದ್ದರೆ ಉಣ್ಣಲು ಕೊಟ್ಟ ಮೇಲೆ ಬೈಯಿ. ಅವನೂ ಊರು ಬಿಡುತ್ತಿದ್ದಾನೆ, ಹೆಂಡತಿ ಮಕ್ಕಳು ಆಗಲೇ ಅವಳ ತವರಿಗೆ ಹೋಗಿದ್ದಾರೆ. ಅವನ ಬೆನ್ನ ಮೇಲೆ, ನಮ್ಮ ಮದುವೆಯ ಹೊದಿಕೆಯಲ್ಲಿ ಸುತ್ತಿದ್ದು ನಿನ್ನ ಕಹಳೆ. ಇಪ್ಪತ್ತೊಂದರ ಹಬ್ಬಕ್ಕೆ ಬ್ಯಾಂಡಿನಲ್ಲಿ ಕಹಳೆ ಇರುವುದಿಲ್ಲ. ರಿಗೆತ್ತಿ ನನ್ನನ್ನು ಕೇಳಿದರೆ ಅವನದೇ ರಸೀದಿ ತೋರಿಸುತ್ತೇನೆ. ಜೂನ್ ತಿಂಗಳಲ್ಲಿ ಭತ್ತದ ಗದ್ದೆಯ ಕಳೆ ಕೀಳಲು ವೆರ್ಚೆಲ್ಲಿಗೆ ಹೆಂಗಸರ ರೈಲು ಹೊರಡುತ್ತದೆ. ಈ ಸಲ ಆಲ್ಬಾಳನ್ನೂ ಹತ್ತಿಸಿಕೊಳ್ಳುತ್ತೇನೆ. ಅಲ್ಲಿಂದ ನಿನ್ನ ಕಡೆಯ ಬೆಟ್ಟಗಳು ಕಾಣುತ್ತವೆ. ತುಟಿಗಿಡುವ ತುಂಡನ್ನು ನನ್ನ ರವಿಕೆಯೊಳಗೆ ಹೊಲಿದುಕೊಂಡಿದ್ದೇನೆ. ಅದನ್ನು ನಾನೇ ತರುತ್ತೇನೆ. ಅಲ್ಲಿಯವರೆಗೆ ನೆಲ್ಲೊನದನ್ನು ಕೇಳಿ ಪಡೆದು ಊದಬೇಡ.