ದೋಣಿಯ ಸೀಟನ್ನು ಎತ್ತಿ ನೋಡದ ಸುರಕ್ಷತಾ ಸಂಚಾಲಕರಿಗೆ

ನಮ್ಮ ಸಂಘದ ದೋಣಿವಿಹಾರ ಸಮಿತಿಯ ಮಾನ್ಯ ಸುರಕ್ಷತಾ ಸಂಚಾಲಕರೇ,

ಕಳೆದ ತಿಂಗಳು ನೀವು ‘ಸುರಕ್ಷಿತ’ ಎಂಬ ಚೀಟಿ ಅಂಟಿಸಿದ ದೋಣಿಯಲ್ಲಿ, ಹಿಂಬದಿಯ ಸೀಟಿನ ಕೆಳಗೆ, ಪೆಟ್ರೋಲ್ ಟ್ಯಾಂಕೂ ಬ್ಯಾಟರಿಯೂ ಒಂದೇ ಪೆಟ್ಟಿಗೆಯೊಳಗೆ ಮೈಗೆ ಮೈ ತಾಗಿಸಿಕೊಂಡು ಕುಳಿತಿವೆ. ಆ ಸೀಟಿನ ಮೇಲೆ ಪ್ರತಿ ಶುಕ್ರವಾರ ನನ್ನ ಮಗಳು ಅಲಿಶಾ ಕುಳಿತುಕೊಳ್ಳುತ್ತಾಳೆ. ದೂರು ಇಷ್ಟೇ. ಎದುರು ಸಿಕ್ಕಾಗ ಹೇಳಿದೆ, ಫೋನಿನಲ್ಲೂ ಹೇಳಿದೆ. ನೀವು ನಕ್ಕಿರಿ. ಆದ್ದರಿಂದ ಈಗ ಸಂಘದ ಪತ್ರಿಕೆಯಲ್ಲಿ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಯಾಕೆ ನಕ್ಕಿರೆಂದು ನನಗೆ ಗೊತ್ತು. ಈ ಮಥಾಯಸ್‌ಗೆ ಹೊಟ್ಟೆಕಿಚ್ಚು ಎಂದು ಕುವೈತಿನ ಮಿರ್ಕಾಬ್‌ನ ನನ್ನ ಆಫೀಸಿನಿಂದ ಹಿಡಿದು ಬ್ನೇದ್ ಅಲ್ ಗಾರ್‌ನ ನಮ್ಮ ಕಟ್ಟಡದ ಲಿಫ್ಟಿನವರೆಗೆ ಎಲ್ಲರೂ ಆಡಿಕೊಳ್ಳುತ್ತಾರೆ. ಹೌದು ಸ್ವಾಮೀ, ಹೊಟ್ಟೆಕಿಚ್ಚೇ. ನಾನು ಉಳ್ಳಾಲದವನು, ಸರಿಯಾಗಿ ನಡೆಯಲು ಕಲಿಯುವ ಮೊದಲೇ ದೋಣಿ ಹತ್ತಿದವನು. ದೋಣಿಯ ಯಜಮಾನ ಲಕ್ಷ್ಮೀನರಸಿಂಹ ಮೈಸೂರಿನವರು, ಬ್ಯಾಂಕಿನ ಅಧಿಕಾರಿ. ಸಮುದ್ರವನ್ನು ಮೊದಲ ಸಲ ಕಂಡದ್ದೇ ವಿಮಾನದ ಕಿಟಕಿಯಿಂದ. ಆ ಸೆಕೆಂಡ್ ಹ್ಯಾಂಡ್ ದೋಣಿ ಮಾರಾಟಕ್ಕಿರುವುದನ್ನು ಮೊದಲು ನೋಡಿದವನು ನಾನು. ಬಾಯಿ ಮುಚ್ಚಿಕೊಂಡಿರದೆ ಅವರಿಗೆ ಹೇಳಿದವನೂ ನಾನೇ. ನಾನು ಹೆಂಡತಿ ಮಗ್ದಲೀನಳನ್ನು ಒಪ್ಪಿಸುವಷ್ಟರಲ್ಲಿ ಅವರು ಅದನ್ನು ತಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಅರಬ್ ಪ್ರಾಯೋಜಕನ ಹೆಸರಿನಲ್ಲಿ ಕೊಂಡು, ಬಿಳಿ ಬಣ್ಣ ಹೊಡೆಸಿ, ಪೂಜೆಯನ್ನೂ ಮುಗಿಸಿದ್ದರು. ಪ್ರಸಾದಕ್ಕೆ ನನ್ನನ್ನೂ ಕರೆದರು. ಈಗ ಅವರು ಕಪ್ಪು ಕನ್ನಡಕ ಹಾಕಿ ಸ್ಟೀರಿಂಗ್ ಹಿಡಿದು ನಿಂತರೆ ನನ್ನ ಹೆಂಡತಿಯೇ ಫೋಟೊ ತೆಗೆಯುತ್ತಾಳೆ. ನನ್ನ ಮಗಳು ಅವರನ್ನು ಕ್ಯಾಪ್ಟನ್ ಅಂಕಲ್ ಎನ್ನುತ್ತಾಳೆ. ನಾನು ಕಲ್ಲೇ?

ಆದರೆ ನನ್ನ ಹೊಟ್ಟೆಕಿಚ್ಚಿಗೂ ಬ್ಯಾಟರಿ ಇಟ್ಟ ಜಾಗಕ್ಕೂ ಏನು ಸಂಬಂಧ? ನಾನು ನಾಳೆಯೇ ಸಂತನಾಗಿಬಿಟ್ಟರೆ ಪೆಟ್ರೋಲು ಹೊತ್ತಿಕೊಳ್ಳುವುದನ್ನು ಬಿಟ್ಟುಬಿಡುತ್ತದೆಯೇ?

ಮೊದಲು ಆ ಟ್ಯಾಂಕು ಎಂಜಿನ್ ಪಕ್ಕದಲ್ಲಿ, ಗಾಳಿಗೆ ತೆರೆದುಕೊಂಡೇ ಇತ್ತು. ಒಳಗೆ ತುರುಕಿದ್ದು ಬಿಸಿಬೇಳೆಬಾತಿನ ದೆಸೆಯಿಂದ. ಮೊದಲ ವಿಹಾರದ ದಿನ ಲಕ್ಷ್ಮೀನರಸಿಂಹರ ಪತ್ನಿ ಬೃಂದಾ ದೊಡ್ಡ ಡಬ್ಬಿ ತುಂಬ ತಂದಿದ್ದ ಬಾತಿಗೆ ಪೆಟ್ರೋಲಿನ ವಾಸನೆ ಹತ್ತಿತು. ಮುಂದಿನ ವಾರ ಟ್ಯಾಂಕು ಬ್ಯಾಟರಿಯಿದ್ದ ಪೆಟ್ಟಿಗೆಯೊಳಗೆ ಹೋಯಿತು, ಮುಚ್ಚಳದ ಸುತ್ತ ರಬ್ಬರ್ ಪಟ್ಟಿ ಬಂತು, ಮೇಲೆ ಮೆತ್ತನೆಯ ಕುಶನ್ ಬಂತು. “ನೋಡಿ, ಈಗ ಒಂಚೂರೂ ವಾಸ್ನೆ ಇಲ್ಲ” ಎಂದು ಯಜಮಾನರು ಹಿಗ್ಗಿದರು. ಆಗ ನೀವು ತಪಾಸಣೆಗೆ ದಯಮಾಡಿಸಿದಿರಿ. ಲೈಫ್ ಜಾಕೆಟ್ ಎಣಿಸಿದಿರಿ, ಬೆಂಕಿ ಆರಿಸುವ ಸಿಲಿಂಡರ್ ಮುಟ್ಟಿ ನೋಡಿದಿರಿ, ಆಮೇಲೆ ಅದೇ ಕುಶನ್ ಮೇಲೆ ಕುಳಿತು ಎರಡು ಸಲ ಬಾತ್ ಹಾಕಿಸಿಕೊಂಡಿರಿ. ಎದ್ದು ಸೀಟು ಎತ್ತಲು ದಾಕ್ಷಿಣ್ಯ ಅಡ್ಡ ಬಂತೋ, ಊಟ ಅಡ್ಡ ಬಂತೋ?

ಆ ವಾಸನೆ ಎಲ್ಲಿಗೆ ಹೋಯಿತೆಂದು ಒಮ್ಮೆಯೂ ಅನ್ನಿಸಲಿಲ್ಲವೇ? ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಪೆಟ್ಟಿಗೆಯ ತಳದಲ್ಲಿ ಕೂಡಿಕೊಳ್ಳುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಟ್ಯಾಂಕನ್ನು ಕಟ್ಟಿಲ್ಲ, ಅಲೆಗೆ ದೋಣಿ ಕುಕ್ಕಿದಾಗಲೆಲ್ಲ ಅದು ಜರುಗಿ ಬ್ಯಾಟರಿಯ ವೈರಿಗೆ ಗುದ್ದುತ್ತದೆ. ಹೋದ ಶುಕ್ರವಾರ ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಕೀ ತಿರುಗಿಸಿದಾಗ ಸೀಟಿನ ಕೆಳಗೆ ಚಟ್ ಎಂದು ಸದ್ದಾಯಿತು. ಅಲಿಶಾಳನ್ನು ಎಬ್ಬಿಸಿ ಮುಚ್ಚಳ ತೆಗೆದೆ. ಮೂಗಿಗೆ ಪೆಟ್ರೋಲಿನ ವಾಸನೆ ರಾಚಿತು. ಬ್ಯಾಟರಿಯ ಮೇಲಿನ ಕ್ಲಿಪ್ ಸಡಿಲವಾಗಿ ಅಲ್ಲಾಡುತ್ತಿತ್ತು, ಕಿಡಿ ಹಾರಿ ಅದರ ತುದಿ ಕಪ್ಪಾಗಿತ್ತು. ಅದು ಹೊತ್ತಿಕೊಳ್ಳದೆ ಉಳಿದದ್ದು ನಮ್ಮ ಅದೃಷ್ಟ.

“ಕೀ ಮುಟ್ಟಬೇಡಿ ಮಾರಾಯ್ರೆ! ಈ ಬ್ಯಾಟರಿ ಮೊದಲು ಇಲ್ಲಿಂದ ತೆಗೀರಿ” ಎಂದು ಕೂಗಿದೆ.

“ಏನ್ ಮಥಾಯಸ್ ಅವ್ರೇ, ಕ್ಲಿಪ್ ಬಿಗಿ ಮಾಡಿದ್ರೆ ಖಲಾಸ್. ಸುಮ್ನೆ ನಮ್ ದೋಣಿ ಮೇಲೆ ಕಣ್ ಹಾಕ್ಬೇಡಿ” ಎಂದು ಲಕ್ಷ್ಮೀನರಸಿಂಹ ಬಿಗಿ ಮಾಡಿ ಮುಚ್ಚಳ ಮುಚ್ಚಿದರು.

ಮನೆಯಲ್ಲಿ ಕೊಂಕಣಿ ಆಡುವ ಮಗ್ದಲೀನ್, ಎಲ್ಲರಿಗೂ ಕೇಳಲಿ ಎಂದು ಕನ್ನಡದಲ್ಲೇ, “ಮರ್ಯಾದೆ ತೆಗೀಬೇಡಿ. ನಿಮ್ಮದು ಎಂತ ಸಂಕಟ ಅಂತ ಎಲ್ಲರಿಗೂ ಗೊತ್ತುಂಟು” ಎಂದಳು.

“ಡ್ಯಾಡಿ, ಯು ಆರ್ ಜಸ್ಟ್ ಜೆಲಸ್” ಎಂದ ಮಗಳು ಮತ್ತೆ ಅದೇ ಸೀಟಿನ ಮೇಲೆ ಹೋಗಿ ಕುಳಿತಳು.

ನಿಮಗೆ ಫೋನ್ ಮಾಡಿದರೆ, “ಚೀಟಿ ಅಂಟ್ಸಿದೀನಲ್ಲ, ಇನ್ನೇನ್ರೀ ಬೇಕು?” ಎಂದಿರಿ. ಕಿಡಿಗೆ ನಿಮ್ಮ ಚೀಟಿ ಓದಲು ಬರುತ್ತದೆಯೇ? ಬರೀ ಹೊಟ್ಟೆಕಿಚ್ಚಾಗಿದ್ದರೆ ನಾನು ಇಷ್ಟು ಬಡಿದುಕೊಳ್ಳುತ್ತಿರಲಿಲ್ಲ, ಸುಮ್ಮನೆ ದಡದಲ್ಲಿ ನಿಂತು ಕಾಯುತ್ತಿದ್ದೆ. ನನಗೆ ಆ ದೋಣಿ ಸುಡುವುದು ಬೇಡ, ನನಗೆ ಆ ದೋಣಿಯೇ ಬೇಕು!

ನಾನು ಕೇಳುವುದು ದೊಡ್ಡದೇನಲ್ಲ. ಟ್ಯಾಂಕು ಮೊದಲಿನಂತೆ ಹೊರಗೆ, ಗಾಳಿಯಾಡುವ ಕಡೆ, ಪಟ್ಟಿ ಬಿಗಿದುಕೊಂಡು ಇರಲಿ. ಬ್ಯಾಟರಿಗೆ ಅದರಿಂದ ದೂರದಲ್ಲಿ ಬೇರೆಯೇ ಗೂಡು ಇರಲಿ, ಅಲ್ಲೂ ಗಾಳಿಯಾಡಲಿ, ಕ್ಲಿಪ್ಪುಗಳಿಗೆ ಮುಚ್ಚಿಗೆ ಇರಲಿ. ಬಾತಿಗೆ ವಾಸನೆ ಹತ್ತುವುದಾದರೆ ದಡದಲ್ಲೇ ಉಣ್ಣೋಣ. ಅಲ್ಲಿಯವರೆಗೆ ನಿಮ್ಮ ಚೀಟಿಯನ್ನು ಕಿತ್ತುಹಾಕಿ.

ಬರುವ ಶುಕ್ರವಾರ ಬೆಳಿಗ್ಗೆ ನೀವೇ ಜೆಟ್ಟಿಗೆ ಬಂದು ಆ ಸೀಟನ್ನು ಎತ್ತಿ ನೋಡಿ. ಬ್ಯಾಟರಿ ಅಲ್ಲೇ ಇದ್ದರೆ ಅಲಿಶಾಳಿಗೆ ಇಳಿಯಲು ಹೇಳಿ. ನಾನು ಹೇಳಿ ಸೋತಿದ್ದೇನೆ. ಅಪ್ಪನ ಮಾತಿಗೆ ಇಳಿಯದ ಹುಡುಗಿ ನಿಮ್ಮ ಒಂದು ಮಾತಿಗೆ ಇಳಿಯುತ್ತಾಳೆ. ನಿಜ ಹೇಳಬೇಕೆಂದರೆ, ಆ ದೋಣಿಯ ಮೇಲಿರುವುದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚು ನನಗೆ ನಿಮ್ಮ ಆ ಒಂದು ಮಾತಿನ ಮೇಲಿದೆ.

ಇಂತಿ,
ಮನೆಯಲ್ಲೇ ಮಾತು ನಡೆಯದ
ಮಥಾಯಸ್
ಬ್ನೇದ್ ಅಲ್ ಗಾರ್, ಕುವೈತ್