ಕ್ಯಾಲೆಂಡರ್ ಓದಿದವನು ಮನೆಗೆ, ಹುಣ್ಣಿಮೆ ಎಣಿಸಿದವನು ಒಳಗೆ

ಮನೋರೋಗಿಗಳ ಬಿಡುಗಡೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮ್ಮ ಎದುರು ಮನೆಯ ಗುಮಾಸ್ತ ವಿರೂಪಣ್ಣನನ್ನು ಬಿಟ್ಟಿರಿ, ನನ್ನ ಗಂಡ ತಾಯಣ್ಣನನ್ನು ಇಟ್ಟುಕೊಂಡಿರಿ. ನ್ಯಾಯಕ್ಕಾಗಿ ಈ ಪತ್ರ ಎಂದರೆ ಶೋಭಿಸುತ್ತಿತ್ತೇನೋ. ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ.

ಇಬ್ಬರೂ ರಾಯಚೂರಿನ ಒಂದೇ ಅಕ್ಕಿ ಗಿರಣಿಯವರು. ತಲೆ ಕೆಟ್ಟಾಗ ವಿರೂಪಣ್ಣ ಸ್ವಂತ ಅಣ್ಣನನ್ನು ಕಬ್ಬಿಣದ ಸಲಾಕೆಯಿಂದ ಹೊಡೆದ. ಹಮಾಲನಾದ ನನ್ನ ಗಂಡ ಚೀಲ ಎಳೆಯುವ ಕೊಕ್ಕೆಯನ್ನು ಹಮಾಲರ ಮೇಲ್ವಿಚಾರಕ ಜಮಾದಾರನ ಹೆಗಲಿಗೆ ಹಾಕಿದ. ೧೯೮೧ರಲ್ಲಿ ಕೋರ್ಟು ಇಬ್ಬರನ್ನೂ ನಿಮ್ಮ ಆಸ್ಪತ್ರೆಯ ಬೀಗದೊಳಗೆ ಕಳಿಸಿತು. ಈ ವರ್ಷ ಹೋಳಿ ಹುಣ್ಣಿಮೆ ಕಳೆದ ಮೇಲೆ ನಿಮ್ಮ ಸಮಿತಿ ಕೂತಾಗ ನಾವಿಬ್ಬರು ಹೆಂಡಂದಿರೂ ಬಾಗಿಲ ಬಳಿ ನಿಂತಿದ್ದೆವು.

"ಇವತ್ತು ತಾರೀಖು ಎಷ್ಟು?" ಎಂದಿರಿ. ವಿರೂಪಣ್ಣ ನಿಮ್ಮ ಬೆನ್ನ ಹಿಂದಿದ್ದ ಕ್ಯಾಲೆಂಡರ್ ನೋಡಿ ಥಟ್ಟನೆ ಹೇಳಿದ. ನನ್ನವನು ಬೆರಳು ಮಡಚಿ, "ಹುಣ್ಣಿಮಿ ಆಗಿ ಐದು ದಿನ ಆತ್ರೀ ಯಪ್ಪಾ" ಎಂದ. ಲೆಕ್ಕ ಸರಿಯಾಗಿತ್ತು! ಹಿರೇಕೊಟ್ನೆಕಲ್‌ನ ಅವನ ಹಳ್ಳಿಮನೆಯಲ್ಲಿ ಬಿತ್ತನೆ, ಮದುವೆ ಎಲ್ಲಕ್ಕೂ ಹುಣ್ಣಿಮೆ ಅಮಾವಾಸ್ಯೆಯೇ ಲೆಕ್ಕ. ಕಂಬಿಯ ಕಿಟಕಿಯಿಂದ ಚಂದ್ರನನ್ನು ನೋಡಿ ದಿನ ಇಟ್ಟುಕೊಂಡಿದ್ದ. ನೀವು "ಕಾಲದ ಪರಿವೆ ಇಲ್ಲ" ಎಂದು ಬರೆಸಿದಿರಿ. ಆಹಾ, ಎಂಥ ಪರೀಕ್ಷೆ! ಕ್ಯಾಲೆಂಡರ್ ಓದಬಲ್ಲವನ ಕೈ ಮೇಲೇಳುವುದಿಲ್ಲವೇ? "ಸಿಟ್ಟು ಬಂದರೆ ಈಗ ಏನು ಮಾಡುತ್ತೀ?" ಎಂದು ಇಬ್ಬರಲ್ಲಿ ಒಬ್ಬನನ್ನಾದರೂ ಕೇಳಿದಿರಾ? ನಾನು ಬಾಲವಾಡಿ ಶಿಕ್ಷಕಿ. ಓಣಿಯ ಮಕ್ಕಳಿಗೆಲ್ಲ ಅಂಕಿ ಕಲಿಸಿದೆ, ಗಂಡನಿಗೆ ಕಲಿಸಲಿಲ್ಲ.

ದಿನಾ ಬೆಳಿಗ್ಗೆ ಎದುರು ಮನೆಯ ಬಸವಂತಮ್ಮ, "ನೀರು ಕಾದಾವು, ಏಳ್ರೀ" ಎಂದು ಗಂಡನನ್ನು ಎಬ್ಬಿಸುತ್ತಾಳೆ. ಅದನ್ನು ಕೇಳಿ ನನ್ನ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಆ ಮನೆಯಲ್ಲಿ ದಡಾರನೆ ಸದ್ದಾಯಿತು. ವಿರೂಪಣ್ಣನಿಗೆ ಮತ್ತೆ ಕೆರಳಿತು ಎಂದು ಓಡಿದೆ, ಬಿಡಿಸಲಿಕ್ಕಲ್ಲ, ನೋಡಲಿಕ್ಕೆ. ಬೆಕ್ಕು ಕೊಡ ಉರುಳಿಸಿತ್ತು, ಅಷ್ಟೇ.

"ಹೆದರಿದೇನ ಅಮರಮ್ಮ? ಬಾ, ಕೂಡು" ಎಂದಳು ಬಸವಂತಮ್ಮ.

ನಾನು ಹೆದರಿರಲಿಲ್ಲ ಸ್ವಾಮಿ, ಆಸೆಪಟ್ಟಿದ್ದೆ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ನನ್ನ ಆಗ್ರಹ ಇಷ್ಟೇ. ತಾಯಣ್ಣನನ್ನು ಮತ್ತೆ ಕರೆಸಿ. ತಾರೀಖು ಬಿಡಿ, ಕೊಕ್ಕೆಯ ವಿಷಯ ಕೇಳಿ. ಪೆಟ್ಟು ತಿಂದ ಜಮಾದಾರನನ್ನೂ ಎದುರಿಗೆ ಕೂರಿಸಿ. ತಾಯಣ್ಣನ ಉತ್ತರ ಕೇಳಿ ನಿಮಗೆ ಭಯವಾದರೆ ಒಳಗೇ ಇಟ್ಟುಕೊಳ್ಳಿ, ನಾನು ತುಟಿ ಬಿಚ್ಚುವುದಿಲ್ಲ. ಕೊಕ್ಕೆ ಹಾಕಿದ ದಿನ ಅವನ ಅಂಗಿಯ ರಕ್ತ ತೊಳೆದವಳು ನಾನೇ. ಆ ಉತ್ತರ ನಿಮಗಿಂತ ನನಗೆ ಬೇಕಾಗಿದೆ.

ಇಂತಿ,
ಎದುರು ಮನೆಯವಳ ಗಂಡ ಹುಷಾರಾಗಿರುವುದನ್ನು ಸಹಿಸಲಾಗದ,
ಅಮರಮ್ಮ
ರಾಯಚೂರು, ೧೯೮೩